ದೇವಿರಮ್ಮ ಬರೆದ ಸಾಲು

ಹತ್ತಿ ಆರು ಕಟ್ಟು, ಟಿಂಕ್ಚರ್ ಅಯೊಡಿನ್ ಎಂಟು ಔನ್ಸು, ಬೋರಿಕ್ ಪುಡಿ, ಪಟ್ಟಿ ಬಟ್ಟೆ, ಸುಟ್ಟಗಾಯದ ಮುಲಾಮು ಎರಡು ಡಬ್ಬಿ. ಹೆಂಗಸರ ಸರ್ಜಿಕಲ್ ವಾರ್ಡಿನ ಇಂಡೆಂಟ್ ಪುಸ್ತಕದಲ್ಲಿ ಸದಾಶಿವಯ್ಯನ ಪೆನ್ನು ಅಭ್ಯಾಸಬಲದಿಂದ ಒಂದೊಂದೇ ಗೀಟು ಹಾಕುತ್ತ ಇಳಿದು ಹದಿಮೂರನೆಯ ಸಾಲಿನ ಮೇಲೆ ನಿಂತುಬಿಟ್ಟಿತು. ಆ ಧರ್ಮಾಸ್ಪತ್ರೆಗೆ ಅವನು ಕಾಂಪೌಂಡರಾಗಿ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಒಂದೊಂದು ವಾರ್ಡಿನವರೂ ಆ ದಿನ ತಮಗೆ ಬೇಕಾದದ್ದನ್ನು ಪುಸ್ತಕದಲ್ಲಿ ಬರೆದು ಕಳಿಸಬೇಕು. ಔಷಧಿಯಾದರೆ ಅವನೇ ಅಳೆದು ಕೊಡುತ್ತಿದ್ದ, ಬಕೆಟ್ಟೋ ಬಲ್ಬೋ ಆದರೆ ಎದುರಿಗೆ ಬರೆದ ಕಾರಣ ಓದಿ, ರುಜು ಹಾಕಿ, ಮಧ್ಯಾಹ್ನ ಸೂಪರಿಂಟೆಂಡೆಂಟರ ಮೇಜಿಗೆ ಕಳಿಸುತ್ತಿದ್ದ. ಮೇಲಿನ ಹನ್ನೆರಡು ಸಾಲೂ ಇಂಗ್ಲಿಷಿನಲ್ಲಿದ್ದವು. ಇದೊಂದು ಕನ್ನಡದಲ್ಲಿತ್ತು. ‘ಬಟ್ಟೆಕೋಣೆಯ ಬಾಗಿಲಿಗೆ ಒಳಗಡೆಯಿಂದ ಹಾಕುವ ಚಿಲಕ, ಒಂದು. ಕಾರಣ: ನಾನು ದುಪ್ಪಟಿ ಎಣಿಸುವಾಗ ಡಾಕ್ಟರ್ ಶಾಮಣ್ಣನವರು ಬಂದು ಬಾಗಿಲು ಮುಂದೆ ಮಾಡಿ ಮೈಮೇಲೆ ಕೈ ಹಾಕುತ್ತಾರೆ. ಬೇಡವೆಂದರೂ ಕೇಳುವುದಿಲ್ಲ. ಜನವರಿ ಒಂಬತ್ತು, ಫೆಬ್ರವರಿ ಎರಡು, ಫೆಬ್ರವರಿ ಇಪ್ಪತ್ತು, ಮಾರ್ಚ್ ಹನ್ನೊಂದು, ೧೯೫೯. ದೇವಿರಮ್ಮ, ನರ್ಸು.’ ಅಕ್ಷರ ಎಲ್ಲೂ ನಡುಗಿರಲಿಲ್ಲ. ಹತ್ತಿಯನ್ನು ಕೇಳಿದ ಕೈಯೇ ಅದೇ ದಪ್ಪದ ಶಾಯಿಯಲ್ಲಿ ಇದನ್ನೂ ಕೇಳಿತ್ತು. ಸದಾಶಿವಯ್ಯನಿಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಇಡೀ ಆಸ್ಪತ್ರೆಯಲ್ಲಿ ಇದನ್ನು ನನ್ನ ಕೈಗೇ ಯಾಕೆ ಕೊಟ್ಟಳು ಈ ಹುಡುಗಿ ಎಂದು ಅವನು ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಮಿಕ್ಸ್ಚರಿನ ದೊಡ್ಡ ಸೀಸೆಯೊಂದನ್ನು ಇಟ್ಟ, ಅದು ತಾನಾಗಿ ತೆರೆದುಕೊಂಡೀತೆಂಬಂತೆ.

ಫೆಬ್ರವರಿ ಇಪ್ಪತ್ತು. ದಿನಾಂಕ ಅವನಿಗೆ ನೆನಪಿರಲಿಲ್ಲ, ಅವಳು ಬರೆದ ಮೇಲೆ ನೆನಪಾಯಿತು. ಅಂದು ಕ್ಲೋರೋಫಾರಂ ಸೀಸೆಯನ್ನು ತಾನೇ ಆಪರೇಷನ್ ಕೋಣೆಗೆ ಮುಟ್ಟಿಸಲು ಹೊರಟವನು ಹಿಂದಿನ ಪಡಸಾಲೆಯಲ್ಲಿ ಬಟ್ಟೆಕೋಣೆಯ ಮುಂದೆ ಬಂದಿದ್ದ. ಒಳಗಿಂದ ‘ಬುಡಿ ಸಾರ್, ಕೈ ಬುಡಿ’ ಎಂಬ ಮಾತು, ಬಟ್ಟೆಯ ಗಂಟು ಬಿದ್ದ ಮೆತ್ತನೆಯ ಸದ್ದು, ಆಮೇಲೆ ಮೂಗಿನಿಂದ ಉಸಿರು ಬಿಡುವ ಸದ್ದು. ಅರ್ಥವಾಗಲಿಲ್ಲ ಎಂದು ಅವನು ಎಷ್ಟು ಸಲ ತನಗೆ ಹೇಳಿಕೊಂಡಿದ್ದ! ಅರ್ಥವಾಗದವನು ತಿರುಗಿ ಹೋಗಬೇಕಾಗಿರಲಿಲ್ಲ, ಮುಂದಕ್ಕೆ ನಡೆಯಬಹುದಿತ್ತು. ಅವನು ತಿರುಗಿ, ನೀರಿನ ಹಂಡೆಯ ಕಡೆ ಹೋಗಿ, ಸೀಸೆಯನ್ನು ಕೆಳಗಿಟ್ಟು, ಬಾಯಾರಿಕೆಯಿಲ್ಲದೆ ಎರಡು ಲೋಟ ನೀರು ಕುಡಿದ. ಎರಡನೆಯ ಲೋಟ ಮುಗಿಯುವಷ್ಟರಲ್ಲಿ ಶಾಮಣ್ಣನವರು ಗಡಿಯಾರದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ಅವನ ಎರಡು ಕೈಗಳೂ ತಾವಾಗಿ ಕೂಡಿಕೊಂಡವು. ‘ನಮಸ್ಕಾರ ಸಾರ್’ ಎಂದು ನಕ್ಕ. ಅದನ್ನು ನೆನೆದಾಗಲೆಲ್ಲ ಅವನ ಕಿವಿಯ ಹಿಂದೆ ಬಿಸಿಯಾಗುತ್ತಿತ್ತು. ಸುಮ್ಮನಿದ್ದದ್ದಕ್ಕಿಂತ ಆ ನಮಸ್ಕಾರವೇ ಹೆಚ್ಚು ಚುಚ್ಚುತ್ತಿತ್ತು. ಸುಮ್ಮನಿರುವುದಕ್ಕಾದರೂ ಹೆದರಿಕೆಯ ನೆಪವಿತ್ತು, ಆ ಹೊತ್ತಿನಲ್ಲಿ ನಗುವುದಕ್ಕೆ ಏನು ನೆಪ?

ನೆಪ ಇಲ್ಲದೆಯೂ ಇರಲಿಲ್ಲ. ಮೂರು ವರ್ಷದ ಹಿಂದೆ ಹೆಂಡತಿ ಪಾರ್ವತಮ್ಮನಿಗೆ ಹೊಟ್ಟೆಯೊಳಗೆ ಕೀವು ತುಂಬಿ, ಜ್ವರ ನೂರಾ ಐದಕ್ಕೆ ಏರಿ, ಅವಳು ಗೋಡೆಯೊಂದಿಗೆ ಮಾತಾಡತೊಡಗಿದ್ದಾಗ ಬೇರೆ ಡಾಕ್ಟರು ಕೈಚೆಲ್ಲಿದ್ದರು. ಶಾಮಣ್ಣನವರು ಊಟದ ಎಲೆಯಿಂದ ಎದ್ದು ಬಂದು, ಮೂರು ಗಂಟೆ ನಿಂತು, ಹೊಟ್ಟೆ ಕೊಯ್ದು ಅವಳನ್ನು ಉಳಿಸಿದರು. ಹೊರಗೆ ಬಂದು ಬೆವರು ಒರೆಸಿಕೊಂಡು, ‘ಅಯ್ನೋರೆ, ನಿಮ್ಮ ಅದೃಷ್ಟ ಅಲ್ಲ, ಅವರ ಆಯಸ್ಸು ಗಟ್ಟಿ’ ಎಂದು ನಕ್ಕಿದ್ದರು. ಅಂಥ ಬೆರಳು ಮೈಸೂರಿನಲ್ಲೇ ಇಲ್ಲ ಎಂದು ಜನ ಹೇಳುತ್ತಿದ್ದರು, ಸುಳ್ಳಲ್ಲ. ಆ ಬೆರಳೂ ಬಟ್ಟೆಕೋಣೆಯೊಳಗಿನ ಬೆರಳೂ ಒಂದೇ ಕೈಯವು ಎಂಬುದು ಸದಾಶಿವಯ್ಯನ ತಲೆಗೆ ಹೋಗುತ್ತಿತ್ತು, ಹೊಟ್ಟೆಗೆ ಇಳಿಯುತ್ತಿರಲಿಲ್ಲ.

ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವನು ವಾರ್ಡಿಗೆ ಹೋದಾಗ ದೇವಿರಮ್ಮ ಸೀಮೆಎಣ್ಣೆ ಒಲೆಯಿಂದ ತೊಡೆ ಸುಟ್ಟುಕೊಂಡಿದ್ದ ಹೆಂಗಸೊಬ್ಬಳ ಹಳೆಯ ಪಟ್ಟಿಯನ್ನು ಬಿಚ್ಚುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಹಿನಕಲ್ಲಿನ ಒಕ್ಕಲು ಮನೆಯವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನರ್ಸುಗಳ ಮೇಲಿನವಳಾದ ಮೇಟ್ರನ್ನು, ಈ ಹೆಸರು ಉದ್ದವಾಯಿತು, ದೇವಿ ಅಂತ ಬರೆದುಕೊಳ್ಳೋಣ ಎಂದದ್ದಕ್ಕೆ ಇವಳು, ಅದು ನಮ್ಮಜ್ಜಿ ಹೆಸರು, ಪೂರ್ತಿ ಬರೀರಿ ಅಂದಿದ್ದಳೆಂದು ಎಲ್ಲರೂ ನಕ್ಕಿದ್ದರು. ‘ಸ್ವಲ್ಪ ತಡೀರಿ ಅಯ್ನೋರೆ’ ಎಂದು ತಲೆಯೆತ್ತದೆ ಹೇಳಿದಳು. ಅವನು ತಡೆದ. ಅಂಟಿಕೊಂಡ ಬಟ್ಟೆಯ ಮೇಲೆ ಉಪ್ಪುನೀರು ಹನಿಸಿ, ಕಾದು, ಮತ್ತೆ ಹನಿಸಿ, ಒಂದು ಎಳೆಯಷ್ಟು ಎತ್ತಿ, ಹೆಂಗಸಿನ ಮುಖ ನೋಡಿ, ಮತ್ತೆ ಕಾಯುತ್ತಿದ್ದಳು. ಆ ಹೆಂಗಸು ಅವಳ ಸೊಂಟದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ‘ಇನ್ನೊಂಚೂರು ಕಣಮ್ಮ, ಕೂಗ್ಬೇಕು ಅಂದ್ರೆ ಕೂಗು, ನಾನೇನೂ ಅನ್ಕೊಳಲ್ಲ’ ಎನ್ನುತ್ತಿದ್ದಳು ದೇವಿರಮ್ಮ. ನಿನ್ನೆ ಈ ಹುಡುಗಿಗೆ ಹಾಗಾಗಿದೆ, ಇವತ್ತು ಬೆಳಿಗ್ಗೆ ಆ ಸಾಲು ಬರೆದಿದ್ದಾಳೆ, ಈಗ ಈ ಪಟ್ಟಿಯನ್ನು ಹೀಗೆ ಬಿಡಿಸುತ್ತಿದ್ದಾಳೆ ಎಂದು ಸದಾಶಿವಯ್ಯ ಬೆರಗಿನಿಂದ ನೋಡಿದ. ತನ್ನ ಕೈಯಲ್ಲಾಗಿದ್ದರೆ ಸೀಸೆಗಳೆಲ್ಲ ಒಡೆದುಹೋಗುತ್ತಿದ್ದವು.

ಜಗಲಿಯ ನಲ್ಲಿಯಲ್ಲಿ ಕೈ ತೊಳೆಯುತ್ತ ಅವಳು, ‘ಹೇಳಿ’ ಎಂದಳು.

‘ನೋಡಮ್ಮ, ಇದನ್ನ ಬೇರೆ ಹಾಳೇಲಿ ಬರ್ಕೊಡು. ಅರ್ಜಿ ಥರ. ಈ ಪುಸ್ತಕದಲ್ಲಿ ಬೇಡ.’

‘ಅರ್ಜಿ ಕೊಟ್ಟಿದ್ದೆ ಅಯ್ನೋರೆ. ಮೇಟ್ರನ್ನಮ್ಮ ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸ್ಕೊಂಡ್ರು. ಸೆರಗಿಗೆ ಇನ್ನೊಂದು ಪಿನ್ನು ಹಾಕ್ಕೋ ಅಂದ್ರು. ಹಾಕ್ಕೊಂಡೆ. ಈಗ ನಾಕು ಪಿನ್ನು ಅವೆ ನೋಡಿ.’ ಅವಳು ಭುಜ ತೋರಿಸಿದಳು. ‘ಪುಸ್ತಕದ ಹಾಳೆಗೆ ನಂಬರು ಅದೆ. ಹರಿದ್ರೆ ಗೊತ್ತಾಯ್ತದೆ. ಅದ್ಕೇ ಇದ್ರಲ್ಲಿ ಬರ್ದೆ.’

‘ಮನೇಲಿ ಗೊತ್ತಾ?’

‘ನಮ್ಮಪ್ಪಂಗೆ ಗೊತ್ತಾದ್ರೆ ನಾಳೆ ಬೆಳಗಾಗೋದ್ರೊಳಗೆ ಗಾಡಿ ಕಟ್ಕೊಂಡು ಬಂದು ಕರ್ಕೊಂಡೋಗ್ಬುಡ್ತಾನೆ. ಮಾಡ್ದೋರು ಇಲ್ಲೇ ಇರೋದು, ನಾನ್ಯಾಕೆ ಹೋಗ್ಲಿ? ಈ ಕೆಲ್ಸ ನಂಗೆ ಬತ್ತದೆ ಅಯ್ನೋರೆ. ಚೆನ್ನಾಗಿ ಬತ್ತದೆ.’

‘ಹಾಗಲ್ಲ ತಾಯಿ, ಹೆಸರು ಕೆಡುತ್ತಲ್ಲ…’

‘ಯಾರ್ದು?’ ಎಂದಳು ದೇವಿರಮ್ಮ. ಕುಟುಕಲು ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ಸದಾಶಿವಯ್ಯ ಪುಸ್ತಕವನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿಕೊಂಡ. ಅವಳು ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡು, ಹೊರಗಿನ ಹೊಂಗೆಮರದ ಹೊಸ ಚಿಗುರನ್ನು ನೋಡಿ, ‘ಆವತ್ತು ನೀವು ಬಂದಿದ್ರಿ’ ಎಂದಳು. ‘ನಿಮ್ಮ ಎಡಗಾಲಿನ ಮೆಟ್ಟು ಕಿರುಗುಟ್ತದಲ್ಲ. ಬಂದ ಸದ್ದು ಕೇಳಿ ನಂಗೆ ಧೈರ್ಯ ಬಂತು. ಹೋದ ಸದ್ದೂ ಕೇಳ್ಸ್ತು.’ ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ‘ರುಜು ಹಾಕೋದು ಬುಡೋದು ನಿಮಗೆ ಬುಟ್ಟಿದ್ದು’ ಎಂದು ಒಳಗೆ ಹೋದಳು. ಸದಾಶಿವಯ್ಯ ಪಡಸಾಲೆಯುದ್ದಕ್ಕೂ ಎಡಗಾಲನ್ನು ಊರದೆ ತುದಿಬೆರಳಿನಲ್ಲಿ ನಡೆದು ಬಂದ. ಎದುರಿಗೆ ಬಂದ ಆಯಾ ಒಬ್ಬಳು ‘ಕಾಲಿಗೆ ಮುಳ್ಳು ಚುಚ್ತೇನ್ರೀ?’ ಎಂದು ಕೇಳಿದಳು. ಹೌದು ಎಂದ.

ಡಿಸ್ಪೆನ್ಸರಿಯಲ್ಲಿ ಶಾಮಣ್ಣನವರು ಅವನ ಸ್ಟೂಲಿನ ಮೇಲೆ ಕೂತು, ಕೆಮ್ಮಿನ ಔಷಧಿಯ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದು ಆಸ್ಪತ್ರೆಯಲ್ಲಿ ಮಾತು ಯಾವ ದಾರಿಯಿಂದ ಯಾರಿಗೆ ಮುಟ್ಟುತ್ತದೆಂದು ಯಾರಿಗೂ ತಿಳಿಯದು. ಪುಸ್ತಕವನ್ನು ತಂದ ಆಯಾ ಓದಬಲ್ಲವಳೇ ಇರಬೇಕು. ‘ಮನೆಯವರು ಹೇಗಿದ್ದಾರೆ ಅಯ್ನೋರೆ? ಹೊಲಿಗೆ ಹಾಕಿದ ಕಡೆ ನೋವೇನೂ ಇಲ್ಲವಷ್ಟೆ?’ ಎಂದು ಎದ್ದು ಅವನ ಭುಜದ ಮೇಲೆ ಕೈ ಇಟ್ಟರು. ಬೆಚ್ಚನೆಯ, ಭಾರವಾದ, ಸೋಪಿನ ವಾಸನೆಯ ಕೈ. ಆ ಕೈ ಅಲ್ಲೇ ಇತ್ತು. ತೆಗೆಯಿರಿ ಎನ್ನಲು ತನಗೂ ಆಗುತ್ತಿಲ್ಲ ಎಂಬುದು ಸದಾಶಿವಯ್ಯನಿಗೆ ತಟ್ಟನೆ ಹೊಳೆಯಿತು. ನಲವತ್ತೇಳು ವರ್ಷದ ಗಂಡಸು, ಹಗಲು ಹೊತ್ತು, ಬಾಗಿಲು ತೆರೆದಿದೆ, ಆದರೂ ಆಗುತ್ತಿಲ್ಲ. ಅವಳು ಅಂದಿದ್ದಳು. ‘ಕೈ ಬುಡಿ’ ಅಂದಿದ್ದಳು. ‘ಹಳ್ಳಿ ಹುಡುಗಿ ಅಯ್ನೋರೆ’ ಎನ್ನುತ್ತಿದ್ದರು ಶಾಮಣ್ಣನವರು, ‘ಸ್ವಲ್ಪ ಸಲಿಗೆಯಿಂದ ಮಾತಾಡಿಸಿದ್ದನ್ನೇ ಏನೋ ತಿಳ್ಕೊಂಡಿದ್ದಾಳೆ. ಅವಳ ಭವಿಷ್ಯ ಹಾಳಾಗೋದು ನನಗಿಷ್ಟ ಇಲ್ಲ. ನಿಮ್ಮ ಮೇಜಿನ ಮೇಲೆ ದಿನಾ ಎಷ್ಟು ಟಿಂಕ್ಚರ್ ಚೆಲ್ಲುತ್ತೆ! ಒಂದು ಪುಸ್ತಕದ ಮೇಲೆ ಚೆಲ್ಲಿತು ಅಂದ್ರೆ ಯಾರೂ ಕೇಳೋರಿಲ್ಲ.’ ಹೋಗುವಾಗ ಬಾಗಿಲಲ್ಲಿ ತಿರುಗಿ, ಪಾರ್ವತಮ್ಮನವರನ್ನು ಕೇಳಿದೆ ಅಂತ ಹೇಳಿ ಎಂದರು. ಸದಾಶಿವಯ್ಯನ ಬಾಯಿಂದ ‘ಆಗಲಿ ಸಾರ್’ ಎಂದು ಬಂತು. ಯಾವುದಕ್ಕೆ ಆಗಲಿ ಎಂದೆ ಎಂದು ಆಮೇಲೆ ಅವನೇ ಯೋಚಿಸಿದ.

ಮಧ್ಯಾಹ್ನ ಸೈಕಲ್ ತುಳಿದುಕೊಂಡು ಕುಂಬಾರಕೊಪ್ಪಲಿನ ಮನೆಗೆ ಹೋದಾಗ ಪುಸ್ತಕ ಹಿಂದಿನ ಕ್ಯಾರಿಯರಿನಲ್ಲಿತ್ತು. ಆಸ್ಪತ್ರೆಯ ಪುಸ್ತಕವನ್ನು ಮನೆಗೆ ತಂದದ್ದು ಅದೇ ಮೊದಲು. ಅಲ್ಲಿ ಬಿಟ್ಟು ಬರಲು ಹೆದರಿಕೆಯಾಗಿತ್ತು. ಯಾರಾದರೂ ಚೆಲ್ಲಿಬಿಟ್ಟಾರೆಂದೋ, ತಾನೇ ಚೆಲ್ಲಿಬಿಟ್ಟೇನೆಂದೋ. ಪಾರ್ವತಮ್ಮ ಮುದ್ದೆ ಇಟ್ಟು ಸೊಪ್ಪಿನ ಸಾರು ಬಡಿಸಿದಳು. ಅವನು ಮುದ್ದೆ ಮುರಿಯದೆ ಕೂತದ್ದನ್ನು ಕಂಡು ಏನೆಂದು ಕೇಳಿದಳು. ಹೇಳಬಾರದೆಂದುಕೊಂಡಿದ್ದವನು ಹೇಳಿಬಿಟ್ಟ, ನಮಸ್ಕಾರದ ಸಂಗತಿಯೊಂದನ್ನು ಬಿಟ್ಟು.

‘ನಮ್ಮ ಪಾಲಿಗೆ ದೇವ್ರು ಕಣ್ರೀ ಅವ್ರು’ ಎಂದಳು ಪಾರ್ವತಮ್ಮ. ಸದಾಶಿವಯ್ಯನಿಗೆ ಎದೆ ಹಗುರವಾಯಿತು, ತೀರ್ಮಾನ ತನ್ನ ಕೈತಪ್ಪಿ ಹೋಯಿತಲ್ಲ ಎಂದು. ಆದರೆ ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಗೋಡೆಗೆ ಒರಗಿದಳು. ‘ಆಪರೇಷನ್ ಆದ್ಮೇಲೆ ಪಟ್ಟಿ ನೋಡೋಕೆ ದಿನಾ ಬರ್ತಿದ್ರಲ್ಲ, ಆವಾಗ ನಾನು ಆಯಾನ ಹೋಗೋಕೆ ಬಿಡ್ತಿರ್ಲಿಲ್ಲ. ನೀರು ಬೇಕು, ಬೆನ್ನು ತಿಕ್ಕು, ಏನಾದ್ರೊಂದು ಹೇಳಿ ಪಕ್ಕದಲ್ಲೇ ನಿಲ್ಲಿಸ್ಕೊತಿದ್ದೆ. ಏನೂ ಆಗ್ಲಿಲ್ಲ. ಆದ್ರೂ ನಿಲ್ಲಿಸ್ಕೊತಿದ್ದೆ.’

‘ನನಗ್ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನೀವೇನು ಮಾಡ್ತಿದ್ರಿ?’

ಅವಳೂ ಅದನ್ನು ಸಿಟ್ಟಿನಿಂದ ಕೇಳಲಿಲ್ಲ. ಬೆಳಗಿನಿಂದ ಇಬ್ಬರು ಹೆಂಗಸರು ತನ್ನನ್ನು ಒಂದೊಂದು ಪ್ರಶ್ನೆ ಕೇಳಿದ್ದರು. ಮುದ್ದೆ ಆರಿಹೋಗಿತ್ತು. ಇಷ್ಟು ವರ್ಷ ತನ್ನ ಪಕ್ಕದಲ್ಲಿ ಮಲಗಿದವಳು ಆಸ್ಪತ್ರೆಯ ಮಂಚದ ಮೇಲೆ ಎಚ್ಚರವಾಗಿರುತ್ತಿದ್ದಳು, ಅವಳನ್ನು ಉಳಿಸಿದವನನ್ನು ಪೂಜಿಸುತ್ತಲೇ ಕಾವಲಿಗೆ ಒಬ್ಬಳನ್ನು ಇಟ್ಟುಕೊಂಡಿದ್ದಳು, ಮತ್ತು ಆ ಕಾವಲಿಗೆ ಗಂಡನ ಹೆಸರು ಅವಳಿಗೆ ಹೊಳೆದೇ ಇರಲಿಲ್ಲ. ಅವನು ಕೈ ತೊಳೆದುಕೊಂಡು, ಮನೆಯ ಪಡಸಾಲೆಯ ಕಂಬಕ್ಕೆ ಪುಸ್ತಕವನ್ನು ಒತ್ತಿ ಹಿಡಿದು, ಹದಿಮೂರನೆಯ ಸಾಲಿನ ಕೆಳಗೆ ಬರೆದ. ‘ಫೆಬ್ರವರಿ ಇಪ್ಪತ್ತರಂದು ನಾನು ಪಡಸಾಲೆಯಲ್ಲಿದ್ದೆ. ಇವರು ಬೇಡವೆಂದದ್ದು ಕೇಳಿಸಿತು. ಒಳಗೆ ಹೋಗಲಿಲ್ಲ. ಸದಾಶಿವಯ್ಯ, ಕಾಂಪೌಂಡರ್.’ ಅವನ ಅಕ್ಷರ ಅವಳದರಷ್ಟು ನೇರವಾಗಿ ಬರಲಿಲ್ಲ.

ಹಿಂದಿರುಗಿ ಪುಸ್ತಕವನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟ. ಮೂರೂವರೆಗೆ ಅವರ ಕೋಣೆಯಲ್ಲಿ ಎಲ್ಲರೂ ಸೇರಿದರು. ಸೂಪರಿಂಟೆಂಡೆಂಟರು ವಯಸ್ಸಾದವರು, ಮೆತ್ತನೆಯ ಮನುಷ್ಯ, ಯಾವ ಜಗಳವಾದರೂ ಕಾಫಿ ತರಿಸಿ ಮುಗಿಸುವವರು. ಶಾಮಣ್ಣನವರು ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದರು, ಮೇಟ್ರನ್ನು ಕಿಟಕಿಯ ಕಡೆ ಮುಖ ಮಾಡಿದ್ದಳು. ದೇವಿರಮ್ಮನಿಗೆ ಕುರ್ಚಿ ಇರಲಿಲ್ಲ. ಸದಾಶಿವಯ್ಯ ಬಾಗಿಲ ಬಳಿ ನಿಂತಿದ್ದ.

‘ಇಂಥದ್ದನ್ನ ಹೀಗೆ ಬರೀಬಹುದೇನಮ್ಮ?’ ಎಂದರು ಸೂಪರಿಂಟೆಂಡೆಂಟರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ‘ಕೈ ಹಾಕಿದ್ರು ಅಂತೀಯಲ್ಲ, ಎಲ್ಲಿ?’ ಎಂದು ಕೇಳಿದರು.

ಸದಾಶಿವಯ್ಯನಿಗೆ ನೆಲ ನೋಡುವಂತಾಯಿತು. ಇಲ್ಲಿಗೆ ಇವಳ ಬಾಯಿ ಕಟ್ಟುತ್ತದೆ, ಯಾವ ಹೆಂಗಸು ತಾನೆ ಹೇಳಿಯಾಳು ಎಂದುಕೊಂಡ; ಎಲ್ಲರೂ ಅಷ್ಟನ್ನೇ ಕಾಯುತ್ತಿದ್ದಾರೆಂದೂ ಅವನಿಗೆ ಗೊತ್ತಿತ್ತು. ದೇವಿರಮ್ಮ ಕೈ ಹಿಂದಕ್ಕೆ ಕಟ್ಟಿ ನೆಟ್ಟಗೆ ನಿಂತಳು. ಆಮೇಲೆ, ರೌಂಡ್ಸಿಗೆ ಬಂದ ಡಾಕ್ಟರಿಗೆ ಮಂಚದ ಪಕ್ಕ ನಿಂತು ರೋಗಿಯ ಸ್ಥಿತಿಯನ್ನು ಒಪ್ಪಿಸುವ ದನಿಯಲ್ಲಿ, ಬೇಗವೂ ಅಲ್ಲ ನಿಧಾನವೂ ಅಲ್ಲ, ಹೇಳತೊಡಗಿದಳು. ಯಾವ ದಿನ ಎಷ್ಟು ಗಂಟೆಗೆ, ಯಾವ ಕೈ, ಮೈಯ ಯಾವ ಭಾಗದ ಮೇಲೆ. ಪಾಠದಲ್ಲಿ ಕಲಿತ ಇಂಗ್ಲಿಷ್ ಹೆಸರುಗಳಲ್ಲೇ ಹೇಳಿದಳು. ಒಂದು ಮಾತನ್ನೂ ನುಂಗಲಿಲ್ಲ, ಒಂದನ್ನೂ ಸೇರಿಸಲಿಲ್ಲ. ನಾಚಿಕೆ ಆ ಕೋಣೆಯಲ್ಲಿ ಇತ್ತು, ಆದರೆ ಅದು ಅವಳ ಹತ್ತಿರ ನಿಲ್ಲಲಾರದೆ ಮಿಕ್ಕವರಲ್ಲಿ ಜಾಗ ಹುಡುಕುತ್ತಿತ್ತು. ಮೇಟ್ರನ್ನಿನ ಕಿವಿ ಕೆಂಪಾಯಿತು. ಸೂಪರಿಂಟೆಂಡೆಂಟರು ಸಾಕು ಸಾಕು ಎಂಬಂತೆ ಕೈಯೆತ್ತಿದರು. ‘ನೀವು ಕೇಳಿದ್ರಿ ಸಾರ್, ಅದ್ಕೇ ಹೇಳ್ತಿದೀನಿ’ ಎಂದು ಅವಳು ಮಾರ್ಚ್ ಹನ್ನೊಂದರವರೆಗೂ ಹೇಳಿ ಮುಗಿಸಿದಳು.

ಶಾಮಣ್ಣನವರು ನಕ್ಕರು. ‘ಹುಡುಗಿಗೆ ಒಳ್ಳೆ ಕಲ್ಪನಾಶಕ್ತಿ ಇದೆ. ಕಂಡವರು ಯಾರಾದ್ರೂ ಇದ್ದಾರೇನು?’

‘ಕಂಡಿಲ್ಲ ಸಾರ್’ ಎಂದ ಸದಾಶಿವಯ್ಯ. ‘ಕೇಳ್ದೆ. ಕೇಳಿ ಹಿಂದಕ್ಕೆ ಹೋದೆ. ಕೆಳಗೆ ಬರ್ದಿದೀನಿ, ನೋಡಿ.’

‘ಅಯ್ನೋರೆ!’ ಶಾಮಣ್ಣನವರ ಕಾಲು ಕೆಳಗಿಳಿಯಿತು. ಅವರ ಮುಖದಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು, ಅದೇ ಸದಾಶಿವಯ್ಯನನ್ನು ಇರಿದದ್ದು. ‘ಪಾರ್ವತಮ್ಮನವರ ಪ್ರಾಣ…’

‘ಉಳಿಸಿದ್ರಿ ಸಾರ್. ಅದೂ ನಿಜ.’ ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ‘ಇದೂ ನಿಜ.’

ಅವನು ದೇವಿರಮ್ಮನ ಕಡೆ ನೋಡಿದ. ಅವಳ ಕಣ್ಣಿನಲ್ಲಿ ಏನಾದರೂ ಕಾಣಬಹುದೆಂದು, ಒಂದು ಸಣ್ಣ ತಲೆದೂಗು, ಒಂದು ಕೃತಜ್ಞತೆ. ಅದಕ್ಕಾಗಿ ತಾನು ಆಸೆಪಡುತ್ತಿದ್ದೇನೆಂದು ಗೊತ್ತಾಗಿ ನಾಚಿಕೆಯಾದರೂ ನೋಡಿದ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು. ‘ಸಾರ್, ನಾಕು ಗಂಟೆ ಆಗ್ತಾ ಬಂತು. ಟೆಂಪರೇಚರ್ ತಗೋಬೇಕು, ಎಂಟು ಜನ ಇದ್ದಾರೆ. ಹೋಗ್ಲಾ?’ ಎಂದಳು. ಯಾರೂ ಬೇಡವೆನ್ನಲಿಲ್ಲ. ಅವಳು ಹೊರಗೆ ಹೋಗುವಾಗ ಸದಾಶಿವಯ್ಯ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಪಕ್ಕದಲ್ಲಿ ಹಾದುಹೋದಾಗ ಅವಳ ಬೆನ್ನಿನ ರವಿಕೆ ಬೆವರಿನಿಂದ ಪೂರ್ತಿ ನೆನೆದು ಅಂಟಿಕೊಂಡಿದ್ದು ಕಂಡಿತು. ಹಾಗಾದರೆ ಅವಳಿಗೂ ಹೆದರಿಕೆಯಾಗಿತ್ತು! ಬೆಳಗಿನಿಂದ ಅವಳನ್ನು ಕಲ್ಲಿನ ಹೆಂಗಸು, ಬೇರೆ ಯಾವುದೋ ಮಣ್ಣಿನಿಂದ ಮಾಡಿದವಳು ಎಂದು ಎಣಿಸಿ, ಅದರಿಂದ ತನಗೊಂದು ಸಮಾಧಾನ ಮಾಡಿಕೊಂಡಿದ್ದ. ಅವನಷ್ಟೇ ಹೆದರಿಕೊಂಡೇ ಅವಳು ಅದನ್ನೆಲ್ಲ ಮಾಡಿದ್ದಳು.

ಆಮೇಲೆ ಆದದ್ದು ದೊಡ್ಡದೇನಲ್ಲ. ಆಡಳಿತ ಸಮಿತಿಯವರು ಎರಡು ಸಲ ಸೇರಿ ಏನೂ ತೀರ್ಮಾನಿಸಲಾರದೆ ಎದ್ದರು. ದೇವಿರಮ್ಮನನ್ನು ಹೊರರೋಗಿಗಳ ವಿಭಾಗಕ್ಕೆ ಹಾಕೋಣವೆಂದಾಗ ಅವಳು ‘ನನ್ನ ಯಾಕೆ?’ ಎಂದು ಕೇಳಿ ಅಲ್ಲೇ ಉಳಿದಳು. ಮೂರನೆಯ ವಾರದಲ್ಲಿ ಹೆರಿಗೆ ವಾರ್ಡಿನ ಪುಸ್ತಕದಲ್ಲಿ, ಡೆಟಾಲಿನ ಕೆಳಗೆ, ಮುದುಡಿದ ಅಕ್ಷರದಲ್ಲಿ ಒಂದು ಸಾಲು ಬಂತು. ‘ನಾಲ್ಕು ವರ್ಷದ ಕೆಳಗೆ ನನಗೂ. ಸಿದ್ದಲಿಂಗಮ್ಮ.’ ಸಿದ್ದಲಿಂಗಮ್ಮ ನಲವತ್ತು ದಾಟಿದ ನರ್ಸು, ಮಹಾ ಗಟ್ಟಿಗಿತ್ತಿ, ಅವಳ ದನಿಗೆ ಹೊಸ ಡಾಕ್ಟರುಗಳೂ ಹೆದರುತ್ತಿದ್ದರು. ಸದಾಶಿವಯ್ಯ ಅದನ್ನು ಮೂರು ಸಲ ಓದಿದ. ಈ ಬಾರಿ ರುಜು ಹಾಕಲು ಅವನು ಮನೆಗೆ ಹೋಗಬೇಕಾಗಲಿಲ್ಲ. ಮುಂಗಾರಿಗೆ ಮುಂಚೆ ಶಾಮಣ್ಣನವರು ತಾವಾಗಿ ರಾಜೀನಾಮೆ ಕೊಟ್ಟರು. ಸಮಿತಿಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಬೆರಳುಗಳನ್ನು ಹೊಗಳಿ ಕಳಿಸಿದರು. ಉಗ್ರಾಣದ ಮೇಲ್ವಿಚಾರಣೆ ಸದಾಶಿವಯ್ಯನಿಗೆ ಬರಬೇಕಾದದ್ದು ಅವನಿಗಿಂತ ಆರು ವರ್ಷ ಕಿರಿಯನಿಗೆ ಹೋಯಿತು. ಕಾಫಿಯ ಹೊತ್ತಿನಲ್ಲಿ ಅವನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಉಪಕಾರಗೇಡಿ ಎಂಬ ಮಾತು ಬೆನ್ನ ಹಿಂದೆ ಕೇಳಿಸುತ್ತಿತ್ತು. ಕೆಲವು ದಿನ ಅವನಿಗೂ ಅದು ನಿಜವೆನ್ನಿಸುತ್ತಿತ್ತು. ಒಂದು ಸಂಜೆ ಪಾರ್ವತಮ್ಮ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ, ತನಗೆ ಹುಡುಗಿಯಾಗಿದ್ದಾಗ ಸೋದರಮಾವನೊಬ್ಬನಿಂದ ಆದದ್ದನ್ನು, ಮದುವೆಯಾಗಿ ಇಪ್ಪತ್ತೈದು ವರ್ಷದ ಮೇಲೆ, ಬೇರೆ ಯಾರದೋ ಕತೆಯೆಂಬಂತೆ ಹೇಳಿದಳು. ಅವನು ಎದ್ದು ಹೋಗದೆ ಕೂತು ಪೂರ್ತಿ ಕೇಳಿದ.

ದೇವಿರಮ್ಮ ಅವನೊಂದಿಗೆ ಮೊದಲಿನಂತೆಯೇ ಇದ್ದಳು. ಹತ್ತಿ ಕಡಮೆ ಕೊಟ್ಟರೆ ಜಗಳವಾಡುತ್ತಿದ್ದಳು. ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ, ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ. ಕ್ಷಮಿಸಿದ್ದಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ; ಕೇಳುವ ಹಕ್ಕು ತನಗಿಲ್ಲವೆಂದು ಮಾತ್ರ ತಿಳಿದಿತ್ತು.

ಮಾರನೆಯ ವರ್ಷ ಹೊಸ ನರ್ಸುಗಳು ಸೇರಿದ ವಾರದಲ್ಲಿ ಒಂದು ಬೆಳಿಗ್ಗೆ ಔಷಧಿ ಕೊಡುವ ಕಿಂಡಿಯ ಹೊರಗೆ ಬಿಳಿ ಸೀರೆಯೊಂದು ಬಂದು ನಿಂತಿತು. ‘ಯಾವ ವಾರ್ಡು?’ ಎಂದು ಸದಾಶಿವಯ್ಯ ಸೀಸೆಗೆ ಚೀಟಿ ಅಂಟಿಸುತ್ತಲೇ ಕೇಳಿದ.

‘ಔಷಧಿಗಲ್ಲ ಸಾರ್. ನಾನು ರಮಾಮಣಿ ಅಂತ, ಹೊಸಬಳು. ಅಯ್ನೋರು ಅಂದ್ರೆ ನೀವೇನಾ?’

‘ಹೌದು ಕಣಮ್ಮ. ಯಾಕೆ?’

‘ದೇವಿರಮ್ಮಕ್ಕ ಹೇಳಿದ್ರು. ಇಲ್ಲಿ ಏನಾದ್ರೂ ತೊಂದ್ರೆ ಆದ್ರೆ ಮೊದ್ಲು ನನಗೆ ಹೇಳು, ನಾನಿಲ್ದೆ ಇದ್ರೆ ಡಿಸ್ಪೆನ್ಸರಿ ಅಯ್ನೋರ ಹತ್ರ ಹೋಗು ಅಂತ.’

ಸದಾಶಿವಯ್ಯನ ಬೆರಳಿಗೆ ಗೋಂದು ಅಂಟಿಕೊಂಡು, ಚೀಟಿ ಸೊಟ್ಟಗಾಯಿತು. ‘ಏನಾಯ್ತಮ್ಮ? ಯಾರು?’ ಎಂದ ಗಾಬರಿಯಿಂದ.

‘ಅಯ್ಯೋ, ಏನೂ ಆಗಿಲ್ಲ ಸಾರ್’ ಎಂದು ಹುಡುಗಿ ನಕ್ಕಳು. ‘ಗುರುತು ಮಾಡ್ಕೊಂಡು ಹೋಗೋಣ ಅಂತ ಬಂದೆ.’

ಆ ಕಿಂಡಿ ಎದೆಯೆತ್ತರಕ್ಕಿತ್ತು. ಹೊರಗೆ ನಿಂತವರಿಗೆ ಒಳಗಿನವನ ಕೈ ಮಾತ್ರ ಕಾಣುತ್ತಿತ್ತು. ಸದಾಶಿವಯ್ಯ ಸೀಸೆಯನ್ನು ಕೆಳಗಿಟ್ಟು, ಸೊಂಟ ಬಗ್ಗಿಸಿ, ಅವಳಿಗೆ ತನ್ನ ಮುಖ ಪೂರ್ತಿ ಕಾಣುವಂತೆ ಹಿಡಿದು, ಅವಳು ನೋಡಿ ಮುಗಿಸುವವರೆಗೆ ಹಾಗೆಯೇ ನಿಂತ.